ಶಿವಮೊಗ್ಗದಲ್ಲಿ ನೆಂಟರನ್ನು ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗ್ತೀರಿ? ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ನೋಡಿದವರು ಹೇಳಿ

ತುಂಗೆ ದಂಡೆಯವನು

ಹದಿಮೂರು ವರ್ಷ ಹೊರಗಿದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ. ಹನ್ನೊಂದು ವರ್ಷ ಬೆಂಗಳೂರು, ಎರಡು ವರ್ಷ ಹೈದರಾಬಾದ್. ಈಗ ವಿನೋಬನಗರದಲ್ಲಿ ಅಪ್ಪ ಅಮ್ಮನ ಜೊತೆ, ಕೆಲಸ ಮನೆಯಿಂದಲೇ.

ಹೋದ ವಾರ ಹೈದರಾಬಾದಿನ ಹಳೇ ಆಫೀಸಿನವರು ಇಬ್ಬರು ಬಂದಿದ್ದರು. ಜೋಗ ತೋರಿಸಿದೆ, ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗೆ ಸ್ನಾನ ಮಾಡಿಸುವುದನ್ನೂ ತೋರಿಸಿದೆ. ರಾತ್ರಿ ಊರೊಳಗೆ ಬಂದಮೇಲೆ "ನಿಮ್ಮ ಊರಿನ ಊಟ ಕೊಡಿಸು ಮಾರಾಯ" ಅಂದರು (ಮಾರಾಯ ಅನ್ನೋದನ್ನು ನನ್ನಿಂದಲೇ ಕಲಿತಿದ್ದು). ಗೋಪಿ ಸರ್ಕಲ್ ಹತ್ತಿರ ಗಾಡಿ ನಿಲ್ಲಿಸಿಕೊಂಡು ಹತ್ತು ನಿಮಿಷ ಯೋಚನೆ ಮಾಡಿದೆ, ಒಂದು ಜಾಗವೂ ಹೊಳೆಯಲಿಲ್ಲ. ಕೊನೆಗೆ ಒಂದು ಎಸಿ ಹೋಟೆಲಿಗೆ ಹೋಗಿ ಬಟರ್ ನಾನ್, ಪನ್ನೀರ್ ಬಟರ್ ಮಸಾಲ, ಗೋಬಿ ಮಂಚೂರಿ. ಎಂಟು ಪುಟದ ಮೆನು. ಅದರಲ್ಲಿ ಮಲೆನಾಡಿನದು ಅಂತ ಒಂದೇ ಒಂದು ಐಟಂ ಇಲ್ಲ. ಪಾಪ ಅವರೇನೂ ಅನ್ನಲಿಲ್ಲ, ಆದರೆ ಹೈದರಾಬಾದಿನಿಂದ ಅಷ್ಟು ದೂರ ಬಂದು ಅದನ್ನೇ ತಿಂದರಲ್ಲ ಅಂತ ನನಗೇ ಒಂಥರಾ ಆಯ್ತು. ಮನೆಗೆ ಬಂದರೆ ಅಮ್ಮ ಕಡುಬು, ನಾಟಿ ಕೋಳಿ ಸಾರು ಮಾಡಿ "ಅವರಿಗೆ ಇದೆಲ್ಲ ಹಿಡಿಸುತ್ತೋ ಇಲ್ವೋ" ಅಂತ ಮುಚ್ಚಿಟ್ಟಿದ್ದರು!

ಅದಕ್ಕೇ ಕೇಳುತ್ತಿದ್ದೇನೆ. ಬೇರೆ ಊರುಗಳ ಜೊತೆ ಹೋಲಿಸಿದರೆ ನಮ್ಮ ಊರಿನ ಹೋಟೆಲುಗಳು ಹೇಗಿವೆ? ಮೊಮೊ, ಪಿಜ್ಜಾ ಸಿಗುತ್ತದಾ ಅನ್ನುವುದು ನನ್ನ ಪ್ರಶ್ನೆ ಅಲ್ಲ, ಅದೆಲ್ಲ ಸಿಗುತ್ತದೆ. ಶಿವಮೊಗ್ಗಕ್ಕೆ ಬಂದರೆ ಮಾತ್ರ ಸಿಗೋದು ಏನು?

ಸೋಗಾನೆ ರನ್‌ವೇ

ಹೋಲಿಕೆಯೇ ಸರಿಯಿಲ್ಲ ಸರ್. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ, ಬೆಂಗಳೂರಿನದು 84 ಲಕ್ಷ. ವಿಮಾನ ನಿಲ್ದಾಣ ಆಗಿದ್ದೇ 2023ರಲ್ಲಿ. ಸ್ವಲ್ಪ ತಡೀರಿ, ಜನ ಬಂದಹಾಗೆ ಹೋಟೆಲೂ ಬರುತ್ತವೆ.

ಖಾಲಿ ದೋಸೆ

ಜನಸಂಖ್ಯೆ ಲೆಕ್ಕ ಹಿಡಿದರೆ ದಾವಣಗೆರೆಗೆ ಏನು ಹೇಳುತ್ತೀರಿ? ಅದೇ ಜನಗಣತಿಯಲ್ಲಿ 4.35 ಲಕ್ಷ, ನಮಗಿಂತ ಒಂದು ಲಕ್ಷ ಜಾಸ್ತಿ ಅಷ್ಟೇ. ಆದರೆ ಬೆಣ್ಣೆ ದೋಸೆ ಬೋರ್ಡ್ ಇಲ್ಲದ ಊರು ತೋರಿಸಿ ನೋಡೋಣ. ನಮ್ಮ ಊರಲ್ಲೇ ಬೀದಿಗೊಂದಿದೆ. ಶಿವಮೊಗ್ಗದ ಹೆಸರು ಹಾಕಿಕೊಂಡ ಬೋರ್ಡ್ ದಾವಣಗೆರೆಯಲ್ಲಿ ಒಂದಾದರೂ ಉಂಟಾ?

ಘಟ್ಟದ ಕೆಳಗಿನವಳು

ನಾನು ಮಂಗಳೂರಿನವಳು, ಮದುವೆಯಾಗಿ ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ನನಗೆ ಮೊದಲ ದಿನದಿಂದ ಆಶ್ಚರ್ಯ ಆಗಿರೋದು ಇದೇ. ಮಂಗಳೂರಲ್ಲಿ ನಾವು ಮನೆಯಲ್ಲಿ ತಿನ್ನುವುದನ್ನೇ ಹೋಟೆಲಿನಲ್ಲೂ ತಿನ್ನುತ್ತೇವೆ. ಮನೆಯಲ್ಲಿ ಮೀನು ಸಾರು, ಹೋಟೆಲಿಗೆ ಹೋದರೂ ಮೀನಿನ ಊಟ. ನೀರುದೋಸೆ, ಕೋರಿರೊಟ್ಟಿ, ಬನ್ಸ್, ಗೋಳಿಬಜೆ ಎಲ್ಲ ಹಾಗೇ. "ಮನೆಯಲ್ಲಿ ಮಾಡೋದನ್ನು ಹೊರಗೆ ಯಾಕೆ ತಿನ್ನಬೇಕು" ಅಂತ ಯಾರೂ ಕೇಳುವುದಿಲ್ಲ. ಅತ್ತೆಯ ಮನೆಯಲ್ಲಿ ಕಳಲೆ (ಎಳೆ ಬಿದಿರು) ಪಲ್ಯ, ಮರಕೆಸದ ಪತ್ರೊಡೆ, ಉಬ್ಬು ರೊಟ್ಟಿ ಅಂತ ಏನೇನೋ ಮಾಡುತ್ತಾರೆ, ಬಾಯಲ್ಲಿಟ್ಟರೆ ಕರಗುತ್ತದೆ. ಆದರೆ ಮನೆಯವರ ಜೊತೆ ಹೊರಗೆ ಹೋದರೆ ಎಲ್ಲರೂ ಆರ್ಡರ್ ಮಾಡುವುದು ಫ್ರೈಡ್ ರೈಸ್. ಹೋಟೆಲ್ ಅಂದರೆ ಇಲ್ಲಿ ಮನೆಯದ್ದಲ್ಲದ್ದನ್ನು ತಿನ್ನುವ ಜಾಗ.

ಮೀನಿನ ವಿಷಯ ಕೇಳಬೇಡಿ. ಮಲ್ಪೆಯ ಮೀನು ಆಗುಂಬೆ ಘಾಟಿ ಹತ್ತಿ ಇಲ್ಲಿಗೆ ಬರುವಾಗ ನನ್ನ ಹಾಗೇ ಅದಕ್ಕೂ ತವರಿನ ನೆನಪು ಬಂದಿರುತ್ತದೆ.

ಯಶವಂತಪುರ ರೈಲು

ಬೆಂಗಳೂರನ್ನು ಜಾಸ್ತಿ ತಲೆ ಮೇಲೆ ಕೂರಿಸಬೇಡಿ. ಅಲ್ಲಿನ ತಿಂಡಿ ಅಂತ ನೀವು ಹೊಗಳುವ ಎಂಟಿಆರ್ 1924ರಲ್ಲಿ ಶುರುವಾಗಿದ್ದು, ಗಾಂಧಿ ಬಜಾರಿನ (ನಮ್ಮದಲ್ಲ, ಬಸವನಗುಡಿಯದು) ವಿದ್ಯಾರ್ಥಿ ಭವನ 1943ರಲ್ಲಿ. ಎರಡನ್ನೂ ಶುರು ಮಾಡಿದವರು ಉಡುಪಿ ಕಡೆಯಿಂದ ಹೋದವರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದರು ಅಂತ ಎಂಟಿಆರ್‌ನವರೇ ಹೇಳಿಕೊಳ್ಳುತ್ತಾರೆ. ಅಂದರೆ ಬೆಂಗಳೂರು ಮಾಡಿದ್ದು ಇಷ್ಟೇ: ಬಂದವರಿಗೆ ಜಾಗ ಕೊಟ್ಟು, ಆಮೇಲೆ ಅದನ್ನು ತನ್ನದೇ ಅಂದುಕೊಂಡಿತು. ಬೆಂಗಳೂರಿನ ನಿಜವಾದ ಊಟ ಬೇಕಾದರೆ ಮಿಲಿಟರಿ ಹೋಟೆಲಿಗೆ ಹೋಗಿ, ಮುದ್ದೆ, ಕಾಲು ಸೂಪು, ದೊನ್ನೆ ಬಿರಿಯಾನಿ.

ಶನಿವಾರ ಬೆಳಿಗ್ಗೆ ಒಂದು ದೋಸೆಗೆ ಮುಕ್ಕಾಲು ಗಂಟೆ ಬೀದಿಯಲ್ಲಿ ನಿಂತು, ಹೆಸರು ಬರೆಸಿ, ಕೂಗುವವರೆಗೂ ಕಾಯುವುದನ್ನು ಸುಖ ಅನ್ನುವುದಾದರೆ ಆ ಸುಖ ನಿಮಗೇ ಇರಲಿ. ನಾನು ತಿಂಗಳಿಗೊಮ್ಮೆ ಜನಶತಾಬ್ದಿಯಲ್ಲಿ ಬರುತ್ತೇನೆ, ಸ್ಟೇಷನ್ನಿಂದ ಆಟೋ ಹತ್ತಿದರೆ ಹತ್ತು ನಿಮಿಷಕ್ಕೆ ಕೈಯಲ್ಲಿ ಕಾಫಿ ಲೋಟ.

ಕಾಲೇಜು ಕಟ್ಟೆ

ನೂರು ರೂಪಾಯಿಯಲ್ಲಿ ಇಬ್ಬರಿಗೆ ಹೊಟ್ಟೆ ತುಂಬಬೇಕು. ಮಂಡಕ್ಕಿ, ಮಿರ್ಚಿ, ಎಗ್ ರೈಸ್. ಉಳಿದಿದ್ದೆಲ್ಲ ದೊಡ್ಡವರು ಮಾತಾಡಿಕೊಳ್ಳಿ.

ಗಲ್ಲಾ ಪೆಟ್ಟಿಗೆ

ನಾನು ಇದೇ ಊರಲ್ಲಿ ಹೋಟೆಲ್ ನಡೆಸುತ್ತೇನೆ. ಹೆಸರು ಬೇಡ. ಅಜ್ಜ ಕುಂದಾಪುರ ಕಡೆಯಿಂದ ಘಟ್ಟ ಹತ್ತಿ ಬಂದವರು, ನಾನು ಮೂರನೇ ತಲೆ. ನೀವೆಲ್ಲ ಮೆನು ಕಾರ್ಡ್ ನೋಡಿ ಬಯ್ಯುತ್ತೀರಿ, ಅಡುಗೆಮನೆ ಒಳಗೆ ಬಂದು ನೋಡಿದರೆ ಬೇರೆ ಮಾತು.

ದೋಸೆ ಹಿಟ್ಟು ಅನ್ನುವುದು ಹೋಟೆಲಿನವನ ಪಾಲಿಗೆ ದೇವರು. ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಸೆಟ್ ದೋಸೆ, ಮಸಾಲೆ ದೋಸೆ, ಈರುಳ್ಳಿ ದೋಸೆ. ಮಧ್ಯಾಹ್ನ ಸ್ವಲ್ಪ ಹುಳಿ ಬಂದರೆ ಸಂಜೆಗೆ ಪಡ್ಡು. ದೊಡ್ಡ ಕಾವಲಿಯಲ್ಲಿ ಒಬ್ಬ ಆಳು ಒಂದು ಸಲಕ್ಕೆ ಹತ್ತು ಹನ್ನೆರಡು ಹುಯ್ಯುತ್ತಾನೆ. ಈಗ ಉಬ್ಬು ರೊಟ್ಟಿಗೆ ಬನ್ನಿ. ನೀರು ಕುದಿಸಿ, ಅಕ್ಕಿ ಹಿಟ್ಟು ಹಾಕಿ ಬೇಯಿಸಿ, ಬಿಸಿ ಇರುವಾಗಲೇ ನಾದಬೇಕು. ಆರಿದರೆ ಅಂಚು ಒಡೆಯುತ್ತದೆ, ಬಿಸಿ ಇದ್ದರೆ ಕೈ ಸುಡುತ್ತದೆ. ಆಮೇಲೆ ಒಂದೊಂದನ್ನೇ ತೆಳ್ಳಗೆ ಮಾಡಿ, ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ, ಕೆಂಡದ ಮೇಲೆ ಉಬ್ಬಿಸಿ ತಟ್ಟೆಗೆ ಹಾಕಬೇಕು. ಹಾಕಿ ಐದು ನಿಮಿಷದೊಳಗೆ ತಿನ್ನಬೇಕು. ಹತ್ತು ನಿಮಿಷ ಬಿಟ್ಟರೆ ಚಪ್ಪಲಿ. ಕಡುಬೂ ಅಷ್ಟೇ, ಹಬೆಯಿಂದ ಇಳಿಸಿದಾಗ ಹತ್ತಿ, ಆರಿದಾಗ ಕಲ್ಲು. ಮನೆಯಲ್ಲಿ ಅಮ್ಮ ಒಲೆ ಮುಂದೆ ಕೂತು ಒಬ್ಬೊಬ್ಬರಿಗೆ ಹಾಕಿಕೊಡುತ್ತಾಳೆ, ತಾನು ಕೊನೆಗೆ ತಣ್ಣಗಿದ್ದಿದ್ದನ್ನು ತಿನ್ನುತ್ತಾಳೆ. ಹೋಟೆಲಿನಲ್ಲಿ ಆ ಅಮ್ಮನಿಗೆ ಸಂಬಳ ಎಷ್ಟು ಕೊಡುವುದು?

ಇನ್ನು ಆಳು. ಈಗ ನನ್ನ ಅಡುಗೆಮನೆಯಲ್ಲಿ ಇರುವವರು ಒಡಿಶಾ, ಅಸ್ಸಾಂ ಹುಡುಗರು. ಒಳ್ಳೆಯ ಹುಡುಗರು, ದೋಸೆ ಹುಯ್ಯುವುದನ್ನು ಮೂರು ತಿಂಗಳಲ್ಲಿ ಕಲಿತರು. ಫ್ರೈಡ್ ರೈಸ್, ಗೋಬಿ ಬರುವಾಗಲೇ ಗೊತ್ತಿತ್ತು. ಆದರೆ ಕಳಲೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಡಬೇಕು, ಇಲ್ಲದಿದ್ದರೆ ಕಹಿ ಹೋಗುವುದಿಲ್ಲ, ಅದರ ವಿಷದ ಅಂಶವೂ ಹೋಗುವುದಿಲ್ಲ. ಇದನ್ನು ಯಾರ ಕೈಗೆ ನಂಬಿ ಬಿಡಲಿ? ನಾನೇ ನಿಲ್ಲಬೇಕು. ಪಾರ್ಸಲ್ ಆ್ಯಪ್‌ನವರ ಕಮಿಷನ್, 19 ಕೆಜಿ ಸಿಲಿಂಡರ್, ಬಿಲ್ಲಿನಲ್ಲಿ 5% ಜಿಎಸ್‌ಟಿ ಹಾಕಿದ್ದಕ್ಕೆ ಜಗಳ, ಅದೆಲ್ಲ ಬೇರೆ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಕಡುಬು ಇಟ್ಟಿದ್ದೆ. ಎರಡು ಕಡುಬು, ಚಟ್ನಿ, ತುಪ್ಪ, 70 ರೂಪಾಯಿ. ಒಬ್ಬರು ಹಿರಿಯರು ತಟ್ಟೆ ನೋಡಿ, "ಇದನ್ನ ನಮ್ಮನೆಯಲ್ಲಿ ಬೆಳಿಗ್ಗೆ ದನಕ್ಕೂ ಹಾಕಿ ಬಂದೆ, ಇದಕ್ಕೆ 70 ರೂಪಾಯಾ?" ಅಂದರು. ಅದೇ ಮನುಷ್ಯ ಆಮೇಲೆ 190 ರೂಪಾಯಿಯ ಪನ್ನೀರ್ ತಿಂದು ಹೋದರು. ಒಂದು ವಾರಕ್ಕೆ ನಿಲ್ಲಿಸಿದೆ.

ಖಾಲಿ ದೋಸೆ

ದನಕ್ಕೆ ಕಡುಬು ಹಾಕೋ ಮನೆ ಅಡ್ರೆಸ್ ಕೊಡಿ ಮಾರಾಯ್ರೆ, ನಾನೇ ಹೋಗಿ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಳ್ತೇನೆ.

ಖಡಕ್ ರೊಟ್ಟಿ

ಗಲ್ಲಾ ಪೆಟ್ಟಿಗೆಯವರು ಹೇಳಿದ್ದರಲ್ಲಿ ಒಂದು ದೊಡ್ಡ ವಿಷಯ ಇದೆ. ನಾನು ಹುಬ್ಬಳ್ಳಿಯವನು, ಕೆಲಸದ ಮೇಲೆ ಭದ್ರಾವತಿಯಲ್ಲಿ ಇದ್ದೇನೆ. ನಮ್ಮ ಕಡೆ ಓಣಿಗೊಂದು ಖಾನಾವಳಿ ಯಾಕೆ ನಡೆಯುತ್ತದೆ ಗೊತ್ತಾ? ಜೋಳದ ರೊಟ್ಟಿಗೆ ಎರಡು ಜನ್ಮ. ಬಿಸಿ ಇದ್ದಾಗ ಮೆತ್ತನ ರೊಟ್ಟಿ, ಒಣಗಿಸಿದರೆ ಖಡಕ್ ರೊಟ್ಟಿ. ಖಡಕ್ ಆದರೆ ವಾರಗಟ್ಟಲೆ ಇರುತ್ತದೆ. ಅದಕ್ಕೇ ಮನೆಯಲ್ಲಿ ಹೆಣ್ಣುಮಕ್ಕಳು ಬಡಿದು ನೂರರ ಲೆಕ್ಕದಲ್ಲಿ ಖಾನಾವಳಿಗೆ ಕೊಡುತ್ತಾರೆ. ಖಾನಾವಳಿಯವನು ಎಣ್ಣೆಗಾಯಿ, ಕಾಳುಪಲ್ಯ ಮಾಡಿಕೊಂಡರೆ ಸಾಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಒಣಪುಡಿ. ಸಾವಜಿ ಊಟವೂ ಹಾಗೇ, ಮಸಾಲೆ ಮೊದಲೇ ತಯಾರಿರುತ್ತದೆ.

ಮಂಗಳೂರು ಅಕ್ಕನವರ ಕೋರಿರೊಟ್ಟಿಯ ರೊಟ್ಟಿಯೂ ಒಣಗಿದ್ದೇ ಅಲ್ವಾ? ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ. ಬೆಂಗಳೂರಿನ ಮುದ್ದೆ ಒಂದೇ ಪಾತ್ರೆಯಲ್ಲಿ ತೊಳಸಿದರೆ ಐವತ್ತು ಉಂಡೆ. ಅಂದರೆ ಇಟ್ಟರೆ ಕೆಡದಿದ್ದದ್ದು ಇಲ್ಲಾ ಒಂದೇ ಏಟಿಗೆ ಬಹಳ ಆಗುವಂಥದ್ದು, ಅದು ಹೋಟೆಲಿಗೆ ಹೋಯಿತು. ನಿಮ್ಮ ರೊಟ್ಟಿ, ಕಡುಬು ಎರಡೂ ಒಲೆ ಬಿಟ್ಟು ಹೊರಗೆ ಬರುವುದಿಲ್ಲ. ಅದಕ್ಕೇ ಮನೆಯಲ್ಲೇ ಉಳಿದವು.

ಘಟ್ಟದ ಕೆಳಗಿನವಳು

@ಖಡಕ್ ರೊಟ್ಟಿ ಹೌದು ಹೌದು, ಕೋರಿರೊಟ್ಟಿ ಒಣಗಿದ್ದೇ. ಆದರೆ ನೀರುದೋಸೆ? ಅದೂ ಬಿಸಿಯಿದ್ದಾಗಲೇ ಚೆಂದ. ಹಿಟ್ಟು ಹುದುಗು ಬರಿಸುವುದೂ ಬೇಡ, ಅರ್ಧ ನಿಮಿಷಕ್ಕೆ ಒಂದು ಆಗುತ್ತದೆ, ಅದರಿಂದ ಬಚಾವ್ ಆಯ್ತೇನೋ.

ಕೊಡಚಾದ್ರಿ ಮಂಜು

ಖಡಕ್ ರೊಟ್ಟಿಯವರ ಲೆಕ್ಕ ಅರ್ಧ ಸರಿ. ಇನ್ನರ್ಧ ಕಾಲದ್ದು. ನಮ್ಮ ಅಡುಗೆ ಎಲ್ಲ ಪಂಚಾಂಗ ನೋಡಿ ಬರುವಂಥದ್ದು. ಆರಿದ್ರಾ ಮಳೆ ಹಿಡಿದಮೇಲೆ ಕಳಲೆ, ಆಮೇಲೆ ಮರಕೆಸ, ಗುಡುಗು ಬಂದರೆ ಅಣಬೆ, ಗದ್ದೆ ಬದುವಿನ ಏಡಿ. ಬೇಸಿಗೆಯಲ್ಲಿ ಹಲಸಿನ ಹಪ್ಪಳ. ಹೋಟೆಲಿನವನಿಗೆ ವರ್ಷವಿಡೀ ಒಂದೇ ಬೋರ್ಡ್ ಬೇಕು. ಮುದ್ರಿಸಿದ ಮೆನುವಿನಲ್ಲಿ ಅಣಬೆ ಅಂತ ಬರೆದರೆ ಜನವರಿಯಲ್ಲಿ ಏನು ಕೊಡುತ್ತಾನೆ, ಬಟನ್ ಮಶ್ರೂಮ್ ತಾನೆ?

ತುಂಗೆ ದಂಡೆಯವನು

@ಕೊಡಚಾದ್ರಿ ಮಂಜು ಇದನ್ನು ನಾನು ಒಪ್ಪುವುದಿಲ್ಲ. ಹೈದರಾಬಾದಿನಲ್ಲಿ ಹಲೀಮ್ ನೋಡಿ. ರಂಜಾನ್ ತಿಂಗಳು ಬಂದರೆ ಹೋಟೆಲಿನ ಮುಂದೆ ರಸ್ತೆಗೇ ಇಟ್ಟಿಗೆ ಭಟ್ಟಿ ಕಟ್ಟಿ, ಗೋಧಿ, ಮಾಂಸ ಹಾಕಿ ಗಂಟೆಗಟ್ಟಲೆ ಕುಟ್ಟುತ್ತಾರೆ. ಸಾಯಂಕಾಲ ಎಲ್ಲ ಜಾತಿಯವರೂ ಸಾಲು ನಿಲ್ಲುತ್ತಾರೆ. ನಾನಿದ್ದ ಎರಡು ವರ್ಷವೂ ಆಫೀಸಿನಿಂದ ಗುಂಪು ಕಟ್ಟಿಕೊಂಡು ಹೋಗಿದ್ದೇವೆ. ವರ್ಷವಿಡೀ ಮಾಡುವ ಜಾಗಗಳೂ ಇವೆ, ಆದರೆ ಆ ಜನ, ಆ ಗಲಾಟೆ ಆ ಒಂದು ತಿಂಗಳು ಮಾತ್ರ. ಜಿಐ ಗುರುತೂ (ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ ಅದಕ್ಕೆ. ಕೋಲ್ಕತ್ತದಲ್ಲಿ ಹೊಸ ಖರ್ಜೂರದ ಬೆಲ್ಲದ ಸಂದೇಶ್ ಚಳಿಗಾಲಕ್ಕೆ ಮಾತ್ರ, ಜನ ಅದಕ್ಕೇ ಕಾಯುತ್ತಾರೆ. ಮಂಗಳೂರಲ್ಲೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, ಮೀನಿನ ಹೋಟೆಲುಗಳು ಬಾಗಿಲು ಹಾಕುತ್ತವಾ? ಸ್ವಲ್ಪ ದಿನ ಮಾತ್ರ ಸಿಗುತ್ತದೆ ಅಂದರೆ ಜನ ಇನ್ನೂ ಜಾಸ್ತಿ ಬರಬೇಕು. ನಾವು ಅದನ್ನು ಹೇಳಿಕೊಳ್ಳುವುದೇ ಇಲ್ಲ.

ತೀರ್ಥಹಳ್ಳಿ ಕಷಾಯ

ಶಿವಮೊಗ್ಗದವರಿಗೆ ಒಂದು ವಿಷಯ ಹೇಳಬೇಕಿತ್ತು. ನಾವು ತೀರ್ಥಹಳ್ಳಿ ಹತ್ತಿರ ಹೋಂಸ್ಟೇ ಇಟ್ಟು ಆರು ವರ್ಷ ಆಯಿತು. ನಾನು, ನನ್ನ ಓರಗಿತ್ತಿ, ಅತ್ತೆ ಮೂರೇ ಜನ ಅಡುಗೆಗೆ. ಬರುವವರು ಹತ್ತರಲ್ಲಿ ಒಂಬತ್ತು ಬೆಂಗಳೂರಿನವರು. ಬುಕ್ ಮಾಡುವಾಗಲೇ ಕೇಳುತ್ತಾರೆ, ಕಡುಬು ಉಂಟಾ, ಕೆಸುವಿನ ಪತ್ರೊಡೆ ಉಂಟಾ, ರೊಟ್ಟಿ ಕೆಂಡದ ಮೇಲೆ ಸುಡುತ್ತೀರಾ ಅಂತ. ಒಲೆ ಪಕ್ಕ ಮಣೆ ಹಾಕಿಕೊಂಡು ಕೂತು, ರೊಟ್ಟಿ ಉಬ್ಬುವುದನ್ನು ವಿಡಿಯೋ ಮಾಡಿಕೊಂಡು ತಿನ್ನುತ್ತಾರೆ. ಶಿವಮೊಗ್ಗದವರು ಬರುವುದು ಅಪರೂಪ. ಬಂದರೆ ಮೊದಲು ಕೇಳುವುದು "ಚಪಾತಿ ಇದೆಯಾ ಅಕ್ಕ?"

ಗಲ್ಲಾ ಪೆಟ್ಟಿಗೆ ಅಣ್ಣ ಹೇಳಿದ ಆ ಅಮ್ಮನ ಸಂಬಳದ ಲೆಕ್ಕ ಇಲ್ಲಿ ಸರಿಯಾಗುತ್ತದೆ. ಹನ್ನೆರಡು ಜನಕ್ಕಿಂತ ಜಾಸ್ತಿ ನಾವು ತೆಗೆದುಕೊಳ್ಳುವುದಿಲ್ಲ. ಎಷ್ಟು ಜನ ಅಂತ ಮೊದಲೇ ಗೊತ್ತಿರುವುದರಿಂದ ಒಂದು ಹಿಡಿ ಹಿಟ್ಟೂ ಹಾಳಾಗುವುದಿಲ್ಲ. ಹಾಗಾಗಿ ಮಲೆನಾಡಿನಲ್ಲಿ ಹೋಟೆಲಿಲ್ಲ ಅನ್ನಬೇಡಿ, ಅದು ಪೇಟೆಯಲ್ಲಿಲ್ಲ, ತೋಟದ ಮಧ್ಯ ಇದೆ.

ಅಪ್ಪೆಹುಳಿ

ಸಾಗರ ಸೀಮೆಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ದೊಡ್ಡ ಹೋಟೆಲು ಅಂದರೆ ಮದುವೆಮನೆ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಸಿ, ಗೊಜ್ಜು, ಮಿಡಿ ಉಪ್ಪಿನಕಾಯಿ, ಎಲೆ ತುದಿಗೆ ತೊಡದೇವು, ಇಷ್ಟೂ ಒಂದೇ ಕಡೆ ಸಿಗುವುದು ಅಲ್ಲಿ ಮಾತ್ರ. ಅಡಿಗೆ ಭಟ್ಟರು ಐನೂರು ಜನಕ್ಕೆ ತಂಬುಳಿ ಮಾಡುತ್ತಾರೆ, ಮಾಡಲು ಆಗುವುದಿಲ್ಲ ಅನ್ನುವ ಮಾತೇ ಇಲ್ಲ. ಎರಡನೇ ಸಲ ತಂಬುಳಿ ಬಡಿಸುವಾಗ ಅಂಗೈ ಬಟ್ಟಲು ಮಾಡಿ ಕುಡಿಯುವ ನಮ್ಮ ದೊಡ್ಡಪ್ಪನನ್ನು ಎಸಿ ಹೋಟೆಲಿನಲ್ಲಿ ಕೂರಿಸಿದರೆ ಏನು ಕೇಳುತ್ತಾರೆ ಗೊತ್ತಾ? ಗೋಬಿ ಮಂಚೂರಿ. ಅವರಿಗೆ 74.

ಅಪ್ಪೆಮಿಡಿಗೂ ಜಿಐ ಗುರುತು ಇದೆ ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಹೊಳೆಸಾಲಿನ ಮರದ ಮಿಡಿಗೆ ಕೇಳಿದಷ್ಟು ದುಡ್ಡು ಕೊಟ್ಟು ಬೆಂಗಳೂರಿಗೆ ಒಯ್ಯುತ್ತಾರೆ. ಶಿವಮೊಗ್ಗದ ಹೋಟೆಲಿನ ಟೇಬಲ್ ಮೇಲೆ ಇರುವುದು ಬಕೆಟ್ಟಿನಲ್ಲಿ ಬಂದ ಕೆಂಪು ಉಪ್ಪಿನಕಾಯಿ.

ಸೋಗಾನೆ ರನ್‌ವೇ

ಸರಿ, ಜನಸಂಖ್ಯೆ ವಾದ ವಾಪಸ್ ತಗೊಂಡೆ.

ನಜರಬಾದ್ ಮೂಲೆ

ಮೈಸೂರಿನಿಂದ ಒಂದು ಸಣ್ಣ ಮಾತು. ನಮ್ಮಲ್ಲಿ ಮೈಲಾರಿ ಹೋಟೆಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಲ್ಲಿ ಸಿಗೋದು ಮೆತ್ತಗಿನ ದೋಸೆ, ಇಡ್ಲಿ, ಕಾಫಿ, ಹೀಗೆ ಬೆರಳಲ್ಲಿ ಎಣಿಸುವಷ್ಟು. ಎಂಟು ಪುಟದ ಮೆನು ಇಟ್ಟುಕೊಂಡು ಅದರಲ್ಲಿ ಕಡುಬು ಸೇರಿಸಿದರೆ ಯಾರು ಕೇಳುತ್ತಾರೆ? ಪನ್ನೀರ್ ಪಕ್ಕ ಕಡುಬು ಕೂರಿಸಿದರೆ ಕಡುಬೇ ಸೋಲುವುದು. ಕಡುಬು ಒಂದೇ ಇಡಿ.

ಗಲ್ಲಾ ಪೆಟ್ಟಿಗೆ

ಎರಡು ದಿನ ಈ ಮಾತುಗಳನ್ನೇ ತಲೆಯಲ್ಲಿ ಇಟ್ಟುಕೊಂಡು ಓಡಾಡಿದೆ. ತೀರ್ಥಹಳ್ಳಿ ಅಕ್ಕ ಹೇಳಿದ "ಎಷ್ಟು ಜನ ಅಂತ ಮೊದಲೇ ಗೊತ್ತಿರುತ್ತೆ" ಅನ್ನೋದು ಮನಸ್ಸಿಗೆ ನಾಟಿತು. ಭಾನುವಾರ ಬೆಳಿಗ್ಗೆ 8ರಿಂದ 10, ಇಪ್ಪತ್ತು ಪ್ಲೇಟ್ ಕಡುಬು, ಕಾಯಿ ಚಟ್ನಿ, ಕೆಸುವಿನ ಸೊಪ್ಪಿನ ಗೊಜ್ಜು. ಶನಿವಾರ ಸಂಜೆಯೊಳಗೆ ಹೇಳಿದವರಿಗೆ ಮಾತ್ರ. ಆ ಎರಡು ಗಂಟೆ ಮೆನು ಕಾರ್ಡ್ ಟೇಬಲ್ ಮೇಲೆ ಇಡುವುದಿಲ್ಲ. ಪಾರ್ಸಲ್ ಇಲ್ಲ. ಮಾಡುವವರು ನಮ್ಮ ಮನೆಯವರು ಮತ್ತು ಪಕ್ಕದ ಮನೆಯ ಒಬ್ಬ ಅಜ್ಜಿ, ಅವರೇ ಸಂಬಳ ಹೇಳಿದರು, ನಾನು ಚೌಕಾಸಿ ಮಾಡಲಿಲ್ಲ. ಜಾಗ ಬೇಕಾದವರು ಖಾಸಗಿಯಾಗಿ ಕೇಳಿ, ಹೇಳುತ್ತೇನೆ.

ಕಾಲೇಜು ಕಟ್ಟೆ

ಎಷ್ಟು ಅಣ್ಣ?

ಗಲ್ಲಾ ಪೆಟ್ಟಿಗೆ

90. ನಿನಗೆ 50. ಯಾರಿಗೂ ಹೇಳಬೇಡ.

ಖಾಲಿ ದೋಸೆ

ಎಲ್ಲರ ಮುಂದೆ ಬರೆದು ಯಾರಿಗೂ ಹೇಳಬೇಡ ಅಂತೀರಲ್ಲ ಮಾರಾಯ್ರೆ.

ತುಂಗೆ ದಂಡೆಯವನು

ಹೋಗಿದ್ದೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಮ್ಮ ಮೊದಲು ಬರುವುದಿಲ್ಲ ಅಂದರು, ಕಡುಬು ತಿನ್ನಲು ಹೋಟೆಲಿಗೆ ಹೋಗುವುದೆಂದರೆ ನೆರೆಮನೆಯವರು ಏನಂದುಕೊಳ್ಳುತ್ತಾರೆ ಅಂತ. ಕೂತು, ಒಂದು ಮುರಿದು ನೋಡಿ, ತರಿ ಸ್ವಲ್ಪ ದಪ್ಪ ಆಯಿತು ಅಂದರು. ಆಮೇಲೆ ಇನ್ನೆರಡು ಹಾಕಿಸಿಕೊಂಡರು. ಅಡುಗೆಮನೆ ಬಾಗಿಲಲ್ಲಿ ಆ ಅಜ್ಜಿಯ ಜೊತೆ ಅರ್ಧ ಗಂಟೆ ಮಾತು. ನನಗೆ ಗೊತ್ತಿದ್ದ ಹಾಗೆ ಅಮ್ಮ ಬಿಸಿ ಕಡುಬು ಕೂತು ತಿಂದಿದ್ದು ಇದೇ ಮೊದಲು.

ಕೆಸುವಿನ ಗೊಜ್ಜಿಗೆ ಹುಳಿ ಇನ್ನೂ ಬೇಕಿತ್ತು, ಗಂಟಲು ಸ್ವಲ್ಪ ತುರಿಸಿತು. ಚಟ್ನಿ ಚೆನ್ನಾಗಿತ್ತು.

ಗಲ್ಲಾ ಪೆಟ್ಟಿಗೆ

ಲೆಕ್ಕ ಹೇಳುತ್ತೇನೆ. ಇಪ್ಪತ್ತರಲ್ಲಿ ಹದಿನಾರು ಹೋಯಿತು. ಇಬ್ಬರು ಹೇಳಿ ಬರಲಿಲ್ಲ. ಉಳಿದಿದ್ದನ್ನು ನನ್ನ ಅಸ್ಸಾಂ ಹುಡುಗರು ತಿಂದರು, ಅವರ ಊರಲ್ಲೂ ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ತಿಂಡಿ ಮಾಡುತ್ತಾರಂತೆ, ಮುಂದಿನ ಸಲ ನಾವೇ ಮಾಡುತ್ತೇವೆ ಅಂದರು. ಮೂರು ಜನ ಒಳಗೆ ಬಂದು ಮಸಾಲೆ ದೋಸೆ ಇಲ್ವಾ ಅಂತ ಕೇಳಿ ವಾಪಸ್ ಹೋದರು. ಗಂಟಲು ತುರಿಸಿದ್ದಕ್ಕೆ ಕ್ಷಮಿಸಿ, ವಾಟೆಹುಳಿ ಸಿಗಲಿಲ್ಲ, ಹುಣಸೆಹುಳಿಯಲ್ಲಿ ಮಾಡಿದ್ದು, ಅದೂ ಕಡಿಮೆಯಾಯಿತು.

ಬರುವ ಭಾನುವಾರ ಮತ್ತೆ ಇದೆ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಈ ವಾರ ಯಾರಾದರೂ ಬರುವವರಿದ್ದರೆ ಸಂತೆಯಲ್ಲಿ ಎಳೆ ಕಳಲೆ ಕಂಡರೆ ನಾಲ್ಕು ಕೆಜಿ ತನ್ನಿ, ಹಣ ಕೊಡುತ್ತೇನೆ. ಗುರುವಾರದೊಳಗೆ ಬೇಕು, ನೀರು ಬದಲಿಸಬೇಕಲ್ಲ.